ಹೆಸರು ಅಚ್ಚಾದ ಕಾಗದ

ಜವಳಿ ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಸೀರೆಯನ್ನು ಆಷಾಢದ ರಿಯಾಯಿತಿಯಲ್ಲಾದರೂ ಕಳೆಯಬಹುದು; ಕಿರಾಣಿಯವನ ಬಳಿ ಮಿಕ್ಕ ಅಕ್ಕಿಯನ್ನು ಅವನ ಮನೆಯವರಾದರೂ ಉಣ್ಣಬಹುದು; ಆದರೆ ‘ಚಿ|| ರಾ||’ ಎಂದೂ ‘ಚಿ|| ಕುಂ|| ಸೌ||’ ಎಂದೂ ಎರಡು ಹೆಸರುಗಳನ್ನು ಹೊತ್ತು ಅಚ್ಚಾಗಿ ನಿಂತ ಲಗ್ನಪತ್ರಿಕೆಗೆ ಈ ಭೂಮಂಡಲದಲ್ಲಿ ಇರತಕ್ಕ ಗಿರಾಕಿ ಒಬ್ಬನೇ ಒಬ್ಬ. ಅವನು ಒಲ್ಲೆನೆಂದ ಕ್ಷಣದಲ್ಲಿ ಅದು ರದ್ದಿಯವನ ತಕ್ಕಡಿಗೆ ಸಲ್ಲುವ ವಸ್ತು. ಮನೆಯಲ್ಲಿಯೇ ಕುಳಿತು ಲಗ್ನಪತ್ರಿಕೆ, ಬಿಲ್ ಪುಸ್ತಕ, ವಿಸಿಟಿಂಗ್ ಕಾರ್ಡು, ವೈದ್ಯರ ಚೀಟಿಯ ಪ್ಯಾಡು ಮುಂತಾದವನ್ನು ಕೇಳಿದವರಿಗೆ ಕೇಳಿದಂತೆ ಮಾಡಿಕೊಡುವ ಈ ಅಲ್ಪ ವ್ಯವಹಾರದ ಅರ್ಥಶಾಸ್ತ್ರವೆಲ್ಲವೂ ಈ ಒಂದು ಸಂಗತಿಯಿಂದಲೇ ಹೊರಡುತ್ತದೆಂದು, ದಾವಣಗೆರೆಯ ವಿದ್ಯಾನಗರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಅದನ್ನು ನಡೆಸಿಕೊಂಡು ಬಂದಿರುವ ನಾನು ಧೈರ್ಯವಾಗಿ ಹೇಳಬಲ್ಲೆ.

ಊರು ಈ ಉದ್ಯೋಗಕ್ಕೆ ಅನುಕೂಲವಾದದ್ದೇ. ಹತ್ತಿಯ ಗಿರಣಿಗಳಿಂದ ಹೆಸರಾದ ದಾವಣಗೆರೆಯಲ್ಲಿ, ಮಂಡಿಪೇಟೆ ಚೌಕಿಪೇಟೆಗಳ ವರ್ತಕರು ದೀಪಾವಳಿಯ ಲಕ್ಷ್ಮೀಪೂಜೆಗೆ ಹೊಸ ಖಾತೆ ಪುಸ್ತಕವನ್ನಿಟ್ಟು ಅರಿಶಿನ ಕುಂಕುಮ ಹಚ್ಚುವ ಪದ್ಧತಿಯು ಲೆಕ್ಕವೆಲ್ಲ ಗಣಕಯಂತ್ರವನ್ನು ಸೇರಿದ ಮೇಲೆಯೂ ನಿಂತಿಲ್ಲ. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾದ ತರುವಾಯ ಊರು ವೈದ್ಯರ ಊರೂ ಆದದ್ದರಿಂದ, ಚೀಟಿ ಪ್ಯಾಡುಗಳ ಬೇಡಿಕೆಗೆ ಮುಹೂರ್ತವೂ ಇಲ್ಲ, ಮೌಢ್ಯವೂ ಇಲ್ಲ. ಹದಿನಾಲ್ಕು ಕಿಲೋಮೀಟರಿನಾಚೆ ಹರಿಹರವಿದೆ. 1941ರಲ್ಲಿ ಅಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಮುಚ್ಚಿಹೋದರೂ, ಲೇತ್ ಇಟ್ಟುಕೊಂಡು ದುಡಿಯುವ ಸಣ್ಣ ಶೆಡ್ಡುಗಳವರು ನಂಬರು ಹಾಕಿದ ಚಲನ್ ಪುಸ್ತಕಕ್ಕಾಗಿ ಬರುತ್ತಾರೆ. ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿ ಮರವನ್ನು ಅರೆದು ತಿರುಳು ಮಾಡುವ ದೊಡ್ಡ ಕಾರ್ಖಾನೆಯುಂಟು. ಆದರೆ ಆ ತಿರುಳು ಕೃತಕ ನೂಲಿಗೆ ಹೋಗುತ್ತದೆಯೇ ಹೊರತು ನಮ್ಮ ಕಾಗದಕ್ಕಲ್ಲ. ಇಷ್ಟು ಸಮೀಪದಲ್ಲಿದ್ದೂ ನಮಗೆ ಕವಡೆಯ ಲಾಭವಿಲ್ಲ!

ಮನೆಯ ಕೋಣೆಯಲ್ಲಿ ಇಂಥ ಉದ್ಯೋಗ ಸಾಧ್ಯವಾದದ್ದು ವಾಟ್ಸ್‌ಆ್ಯಪಿನ ದೆಸೆಯಿಂದಲೆಂದರೆ ಕೆಲವರಿಗೆ ಆಶ್ಚರ್ಯವಾದೀತು. ಹಿಂದೆ ಸಾವಿರ ಪತ್ರಿಕೆ ಹಾಕಿಸುತ್ತಿದ್ದ ಮನೆಯವರು ಈಗ ದೂರದವರಿಗೆ ಚಿತ್ರ ಕಳಿಸಿ, ಮನೆಗೆ ಹೋಗಿ ಅಕ್ಷತೆಯಿಟ್ಟು ಕರೆಯಲೇಬೇಕಾದ ಹಿರಿಯರಿಗೂ ಬೀಗರಿಗೂ ಮಾತ್ರ ಇನ್ನೂರು ಪತ್ರಿಕೆಗಳನ್ನು, ಅವನ್ನಾದರೂ ಮೊದಲಿಗಿಂತ ಚೆಂದವಾಗಿ, ಹಾಕಿಸುತ್ತಾರೆ. ಇನ್ನೂರಕ್ಕಾಗಿ ಪ್ಲೇಟು ಮಾಡಿ ಯಂತ್ರ ಹೂಡಲು ದೊಡ್ಡ ಆಫ್‌ಸೆಟ್ ಮುದ್ರಣಾಲಯಗಳವರಿಗೆ ಮನಸ್ಸಿಲ್ಲ. ಆ ತೆರವಿನಲ್ಲಿ ನಮ್ಮಂಥವರು ನಿಂತಿದ್ದೇವೆ.

ಈ ಇನ್ನೂರರ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕವರು ಸಹಿತವಾದ ಖಾಲಿ ಕಾರ್ಡು ಹನ್ನೆರಡು ರೂಪಾಯಿಯಂತೆ 2,400, ಮುದ್ರಣಕ್ಕೆ 800, ಬಣ್ಣ ಸರಿಹೊಂದುವ ಮುನ್ನ ಹಾಳಾಗುವ ಹತ್ತು ಕಾರ್ಡುಗಳಿಗೆ 120, ಓಡಾಟದ ಬಸ್ಸು ಆಟೋಗಳಿಗೆ 100, ಒಟ್ಟು 3,420 ರೂಪಾಯಿ. ಪೇಟೆಯಲ್ಲಿ ಯಾರೋ ಹದಿನೆಂಟಕ್ಕೆ ಕೊಡುತ್ತಾರೆಂದು ಗಿರಾಕಿ ಹೇಳಿದೊಡನೆ ನಾವೂ ಹದಿನೆಂಟೆಂದರೆ ಬರುವುದು 3,600, ಉಳಿಯುವುದು 180; ವಿನ್ಯಾಸ ಮಾಡಿದ, ಮಡಿಚಿದ, ಗಣಪತಿಯ ಚಿತ್ರವನ್ನು ಒಂದೊಂದಾಗಿ ಅಂಟಿಸಿದ ಎಂಟು ತಾಸುಗಳ ದುಡಿಮೆಗೆ ಇದು ಪ್ರತಿಫಲ. ನಾನು ಇಪ್ಪತ್ತನಾಲ್ಕು ಹೇಳುತ್ತೇನೆ. 4,800ರಲ್ಲಿ ಖರ್ಚು ಕಳೆದು 1,380 ಉಳಿದರೆ, ತಾಸಿಗೆ ಎಂಬತ್ತರಂತೆ 640 ರೂಪಾಯಿಯನ್ನು ನನ್ನ ಕೂಲಿಯೆಂದು ಬರೆದುಕೊಂಡು, ಮಿಕ್ಕ 740 ರೂಪಾಯಿಯನ್ನು ಮಾತ್ರ ಲಾಭವೆಂದು ಕರೆಯುತ್ತೇನೆ. ಮನೆಯ ಹೆಂಗಸರ ದುಡಿಮೆಗೆ ಬೆಲೆ ಕಟ್ಟದಿರುವುದು ನಮ್ಮಲ್ಲಿ ಎಷ್ಟು ರೂಢಮೂಲವಾಗಿದೆಯೆಂದರೆ, ಆ ಹೆಂಗಸರೇ ಲಾಭವನ್ನೂ ಕೂಲಿಯನ್ನೂ ಒಂದೇ ಡಬ್ಬಿಗೆ ಹಾಕಿ ವ್ಯಾಪಾರ ಚೆನ್ನಾಗಿದೆಯೆಂದು ಹೇಳಿಕೊಳ್ಳುವುದನ್ನು ನಾನು ಕಂಡಿದ್ದೇನೆ.

ಇನ್ನು ಪ್ರೂಫಿನ ವಿಷಯ. ಹರಿಹರದಿಂದ ಬಂದ ವೃದ್ಧರೊಬ್ಬರು ಮೊಮ್ಮಗಳ ಪತ್ರಿಕೆಯ ಕರಡನ್ನು ಕಿಟಕಿಯ ಬೆಳಕಿಗೆ ಹಿಡಿದು, ಮುಹೂರ್ತವನ್ನಾಗಲಿ ಛತ್ರದ ವಿಳಾಸವನ್ನಾಗಲಿ ನೋಡದೆ, ‘ಆಗಮನಾಭಿಲಾಷಿಗಳು’ ಎಂಬಲ್ಲಿಗೆ ಬೆರಳಿಟ್ಟು, ಒಂದೊಂದು ಹೆಸರನ್ನೂ ಗಟ್ಟಿಯಾಗಿ ಓದುತ್ತ ಬಂದು ನಡುವೆ ನಿಂತರು. “ಸಣ್ಣ ಅಳಿಯನ ಹೆಸರು ದೊಡ್ಡ ಅಳಿಯನ ಮ್ಯಾಲೆ ಬಂದೈತಲ್ಲ ತಂಗಿ, ಇದನ್ನ ಹಿಂಗ ಹಂಚಿದ್ರ ಅವರು ಲಗ್ನಕ್ಕ ಬರಂಗಿಲ್ಲ” ಎಂದರು. ಹೆಸರುಗಳನ್ನು ಆ ಕ್ರಮದಲ್ಲಿ ಬರೆದುಕೊಟ್ಟಿದ್ದವರು ಅವರ ಮಗನೇ. ಪರದೆಯ ಮೇಲೆ ಒಂದು ನಿಮಿಷದಲ್ಲಿ ಮುಗಿದ ಆ ತಿದ್ದುಪಡಿಯು ಮುದ್ರಣದ ತರುವಾಯ ಬಂದಿದ್ದರೆ ಇನ್ನೂರು ಕಾರ್ಡುಗಳ ನಷ್ಟ. ಆ ನಷ್ಟ ಯಾರದೆಂಬ ಜಗಳ ಬೇರೆ. ಆದಕಾರಣ ಪ್ರೂಫನ್ನು ಮನೆಯ ಹಿರಿಯರೇ ನೋಡತಕ್ಕದ್ದು, ಪ್ರತಿ ಪುಟಕ್ಕೂ ರುಜು ಹಾಕತಕ್ಕದ್ದು, ರುಜುವಿನೊಡನೆ ಅರ್ಧ ಹಣ ಮುಂಗಡವಾಗಿ ಬರತಕ್ಕದ್ದು ಎಂಬುದು ನಮ್ಮ ಕೋಣೆಯ ಕಟ್ಟಳೆ. ಮುಂಗಡದ ಮಾತೆತ್ತಲು ನೆಂಟರ ಮುಂದೆ ಸಂಕೋಚವಾಗುವುದು ಸಹಜ. ಆದರೂ ಅರ್ಧ ಹಣದಲ್ಲಿ ಕಾಗದದ ಬೆಲೆ ಬಂದುಬಿಡುವುದರಿಂದ, ಲಗ್ನ ಮುರಿದರೂ ಕಾಗದಕ್ಕೆ ಹಾಕಿದ ನನ್ನ ದುಡ್ಡು ಮುಳುಗುವುದಿಲ್ಲ.

ಕಾಗದವು ತೂಕದ ಪದಾರ್ಥವೆಂಬುದನ್ನೂ ಮರೆಯಬಾರದು. 80 ಜಿ.ಎಸ್.ಎಂ. ಎಂದರೆ ಚದರ ಮೀಟರಿಗೆ 80 ಗ್ರಾಂ. ಎ-4 ಹಾಳೆ ಚದರ ಮೀಟರಿನ ಹದಿನಾರನೆಯ ಒಂದು ಪಾಲಾದ್ದರಿಂದ ಒಂದೊಂದು ಹಾಳೆಗೆ ಐದು ಗ್ರಾಂ, ಐನೂರು ಹಾಳೆಯ ರೀಮಿಗೆ ಎರಡೂವರೆ ಕಿಲೋ. ರೀಮು ಅಗ್ಗವಾಗಿ ಸಿಕ್ಕಿತೆಂದು ಹಿಗ್ಗುವವರು ಅದನ್ನು ಅಡುಗೆಮನೆಯ ತಕ್ಕಡಿಯಲ್ಲೊಮ್ಮೆ ಇಟ್ಟು ನೋಡಲಿ. ತೂಕ ಕಡಿಮೆಯಿದ್ದರೆ ಅಗ್ಗದ ಕಾರಣ ಅಲ್ಲಿಯೇ ತಿಳಿಯುತ್ತದೆ. 2025ರ ಸೆಪ್ಟೆಂಬರ್ 22ರಿಂದ ಮಕ್ಕಳ ನೋಟುಪುಸ್ತಕದ ಜಿ.ಎಸ್.ಟಿ. ಸೊನ್ನೆಗಿಳಿದು, ನಾವು ಕೊಳ್ಳುವ ಕಾಗದದ್ದು ಶೇಕಡಾ 12ರಿಂದ 18ಕ್ಕೇರಿತು. ನೋಂದಣಿಯಿಲ್ಲದ ನಮ್ಮಂಥವರಿಗೆ ಆ ತೆರಿಗೆ ಮರಳಿ ಬರುವಂತಿಲ್ಲ. ಅದನ್ನು ಬೆಲೆಯಲ್ಲಿಯೇ ಸೇರಿಸಬೇಕು. ರಾಜ್ಯದೊಳಗೆ ಕೇವಲ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗೂ, ಸೇವೆಯವರಿಗೆ 20 ಲಕ್ಷದವರೆಗೂ ನೋಂದಣಿ ಕಡ್ಡಾಯವಲ್ಲವೆಂಬುದು ನಿಜ. ಆದರೆ ಗಿರಾಕಿಯ ಬರಹವನ್ನು ಕರಪತ್ರವಾಗಿ ಅಚ್ಚುಮಾಡಿಕೊಟ್ಟರೆ ಸೇವೆ, ಅವನ ಹೆಸರಿನ ಲಕೋಟೆ ಮಾಡಿಕೊಟ್ಟರೆ ಸರಕು ಎಂದು ಜಿ.ಎಸ್.ಟಿ.ಯ 2017ರ ಸುತ್ತೋಲೆಯೇ ಹೇಳಿರುವುದರಿಂದ, ಎರಡನ್ನೂ ಮಾಡುವವರು 20 ಲಕ್ಷವನ್ನೇ ಗಡಿಯೆಂದು ಭಾವಿಸುವುದು ಕ್ಷೇಮ. 2025ರಲ್ಲಿ ಯುಪಿಐ ಜಮೆಗಳನ್ನು ನೋಡಿ ಸಣ್ಣ ವರ್ತಕರಿಗೆ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸು ಬಂದಾಗ, ಹಾಲಿನ ಹಣ, ಚೀಟಿಯ ಹಣ, ತಮ್ಮ ಕಳಿಸಿದ ಹಣವೆಲ್ಲ ವ್ಯಾಪಾರದ ಖಾತೆಯಲ್ಲಿಯೇ ಬೆರೆತಿದ್ದವರು ಪಟ್ಟ ಫಜೀತಿಯನ್ನು ಎಲ್ಲರೂ ಬಲ್ಲರು. ವ್ಯಾಪಾರಕ್ಕೆಂದು ಬೇರೆ ಖಾತೆ ತೆರೆಯುವುದಕ್ಕೆ ಅರ್ಧ ದಿನ ಸಾಕು.

ಲಗ್ನದ ಮನೆಯವರು ಬಾಕಿ ಉಳಿಸುವುದು ಅಪರೂಪ. ಪತ್ರಿಕೆ ಕೈಗೆ ಬರದೆ ಅವರ ಕಾರ್ಯ ಸಾಗದು. ಬಾಕಿ ಉಳಿಸುವವರು ಸಂಸ್ಥೆಗಳವರು. ರಸೀದಿ ಪುಸ್ತಕಗಳನ್ನು ತರಿಸಿಕೊಂಡ ಸಂಸ್ಥೆಯೊಂದು, ಆ ಪುಸ್ತಕಗಳಲ್ಲಿಯೇ ಶುಲ್ಕವನ್ನೆಲ್ಲ ವಸೂಲಿಮಾಡಿ ಮುಗಿಸಿದ ಮೇಲೆಯೂ, ಅವುಗಳ ಬೆಲೆಯನ್ನು ಕೊಡಲು ಮರುವರ್ಷದ ಪ್ರವೇಶದ ಕಾಲದವರೆಗೆ ನನ್ನನ್ನು ಅಲೆಸಿತು. ಇಂಥ ಬಾಕಿಗೆ ಕಾಯಿದೆಯಲ್ಲಿ ಮದ್ದುಂಟು. ಸಣ್ಣ ಉದ್ಯಮಗಳಿಗೆ ಸರಕಾರ ಮಾಡಿಕೊಡುವ ಉದ್ಯಮ್ ನೋಂದಣಿ ಪುಕ್ಕಟೆ. ಅದನ್ನು ಮಾಡಿಸಿಕೊಂಡ ಕಿರು ಉದ್ಯಮಿಗೆ, ಬರವಣಿಗೆಯ ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ, ಇದ್ದರೂ 45 ದಿನದೊಳಗೆ ಹಣ ಸಲ್ಲಬೇಕೆಂದೂ, ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ತಿಂಗಳು ತಿಂಗಳು ಚಕ್ರಬಡ್ಡಿಯಾಗಿ ಸೇರುತ್ತದೆಂದೂ ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ 2006ರ ಕಾಯಿದೆ ವಿಧಿಸುತ್ತದೆ. ಈಗ ನನ್ನ ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆಯೊಡನೆ ಆ ವಾಕ್ಯವೂ ಅಚ್ಚಾಗಿರುತ್ತದೆ. ಆದರೂ ನೂರಾರು ರೂಪಾಯಿಯ ಬಾಕಿಗಾಗಿ ಕಾಯಿದೆಯ ಮೆಟ್ಟಿಲೇರುವುದು ಯಾರಿಗೂ ಹಿತವಲ್ಲ. ಆದ್ದರಿಂದ ದಾವಣಗೆರೆ ಹರಿಹರಗಳ ಶಾಲೆ, ಆಸ್ಪತ್ರೆ, ಸಂಘಗಳ ಕಾರ್ಯದರ್ಶಿಗಳಲ್ಲಿ ನನ್ನ ವಿನಂತಿ ಇಷ್ಟೇ: ನಿಮ್ಮ ಹೆಸರು ಅಚ್ಚಾದ ಕಾಗದವನ್ನು ನಾವು ಬೇರೆ ಯಾರಿಗೂ ಮಾರಲಾರೆವು, ಪುಸ್ತಕದ ಕಟ್ಟು ನಿಮ್ಮ ಮೇಜಿಗೆ ಬಂದ ವಾರದಲ್ಲಿಯೇ ದಯವಿಟ್ಟು ಚೆಕ್ಕಿಗೆ ರುಜು ಹಾಕಿರಿ.