ಹರಸಿ ಕಳುಹಿಸೋಣ



ಮಾರ್ಚ್ ಬಂತೆಂದರೆ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿಯ ಘಾಟು. ಹಾವೇರಿ, ರಾಣೆಬೆನ್ನೂರುಗಳ ಶಿಶುವಿಹಾರಗಳಲ್ಲಿ ಬೀಳ್ಕೊಡುಗೆ. 1975ರಲ್ಲಿ ಆರಂಭವಾದ ಅಂಗನವಾಡಿಯೂ 6 ವರ್ಷದೊಳಗಿನವರದು. ಆರು ತುಂಬಿದವರಿಗೆ ಮುಂದೆ ಒಂದನೇ ತರಗತಿ.

ದೊಡ್ಡವರಿಗೆ ಇದು ಫೋಟೋ, ಪೇಡೆಯ ಸಂಭ್ರಮ. ಮಗುವಿಗೋ ಮನೆಯಾಚೆಯ ಮೊದಲ ಅಗಲಿಕೆ. 'ಸುಮ್ನ ಅಳ್ತೈತಿ' ಎಂದು ಮುಚ್ಚಿಟ್ಟರೆ, ರಜೆ ಮುಗಿದಾಗ ಅದು ಹಳೆಯ ಅಕ್ಕೋರನ್ನೇ ಹುಡುಕುತ್ತದೆ. ತನ್ನನ್ನು ಬಿಟ್ಟುಹೋದರೆಂದು ನೊಂದುಕೊಳ್ಳುತ್ತದೆ. ಆದ್ದರಿಂದ ಮೊದಲೇ ತಿಳಿಸಿ. ಅಕ್ಕೋರಿಗೂ, ಕೈತೊಳೆಸಿ ಊಟಕ್ಕಿಟ್ಟ ಆಯಾಗೂ ಮಗುವೇ 'ಹೋಗಿ ಬರ್ತೀನ್ರಿ' ಎನ್ನಲಿ. ಅತ್ತರೆ ಅಳಲಿ.

ಯೇಸುಸ್ವಾಮಿ ಮಕ್ಕಳನ್ನು ಅಪ್ಪಿಕೊಂಡು, ಅವರ ಮೇಲೆ ಕೈಯಿಟ್ಟು ಹರಸಿದರು (ಮಾರ್ಕ 10:13-16), ತಮ್ಮೊಡನೆ ಇರಿಸಿಕೊಳ್ಳಲಿಲ್ಲ. ನಾವೂ ಹಾಗೆಯೇ ಕಳುಹಿಸೋಣ. ಈ ಸಂಜೆ ಮಗುವಿನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ. ಅಕ್ಕೋರ ಹೆಸರು ಹೇಳಿ ಕೂಡಿ ಪ್ರಾರ್ಥಿಸಿ.