ತಂತ್ರಾಂಶಕ್ಕೊಂದು ಬುತ್ತಿ

ಕಲಾವಿಭಾಗದ ವಿದ್ಯಾರ್ಥಿಗೆ ಗಣಕಯಂತ್ರದ ಗೊಡವೆ ಏಕೆಂದು ಕೆಲವರು ಕೇಳಬಹುದು. ಇತಿಹಾಸ, ಕನ್ನಡ, ಅರ್ಥಶಾಸ್ತ್ರಗಳನ್ನು ಓದುವ ನಮಗೂ ಹಳೆಯ ಪುಟಗಳನ್ನು ಓದಿಸಲು, ಅಂಕಿ ಅಂಶಗಳನ್ನು ಎಣಿಸಲು ಈಗ ತಂತ್ರಾಂಶಗಳ ನೆರವು ಬೇಕಾಗಿದೆ. ಆದರೆ ಒಬ್ಬರ ಯಂತ್ರದಲ್ಲಿ ಸರಾಗವಾಗಿ ನಡೆಯುವ ತಂತ್ರಾಂಶ ಇನ್ನೊಬ್ಬರ ಯಂತ್ರದಲ್ಲಿ ಮೊಂಡು ಹಿಡಿದು ಕೂರುವುದನ್ನು ನಾವೆಲ್ಲ ಕಂಡಿದ್ದೇವೆ. ಇದಕ್ಕೆ ಪರಿಹಾರವಾಗಿ ಬಂದುದೇ ‘ಕಂಟೈನರ್’. ಅದು ಏನು, ಅದನ್ನು ಕಟ್ಟಿ ನಡೆಸುವುದು ಹೇಗೆ, ಅದರಿಂದ ನಮಗೇನು ಪ್ರಯೋಜನ ಎಂಬುದನ್ನು ನನ್ನ ತಿಳಿವಿಗೆ ಬಂದಷ್ಟು ಇಲ್ಲಿ ವಿವರಿಸುತ್ತೇನೆ.

ತಂತ್ರಾಂಶವು ಒಂಟಿಯಾಗಿ ಬಾಳುವ ವಸ್ತುವಲ್ಲ. ಅದಕ್ಕೆ ‘ಲೈಬ್ರರಿ’ಗಳೆಂಬ ಸಹಾಯಕ ತಂತ್ರಾಂಶಗಳು ಬೇಕು, ಅವೂ ಗೊತ್ತಾದ ಆವೃತ್ತಿಯವೇ ಆಗಿರಬೇಕು. ಒಂದು ಹೆಚ್ಚು ಕಡಿಮೆಯಾದರೂ ಕೆಲಸ ಕೆಡುತ್ತದೆ. ದೂರದ ಊರಿಗೆ ಹೊರಟವನು ಹೋದಲ್ಲಿ ಊಟ ಸಿಕ್ಕೀತೋ ಇಲ್ಲವೋ ಎಂದು ಬುತ್ತಿ ಕಟ್ಟಿಕೊಳ್ಳುತ್ತಾನಷ್ಟೆ. ಕಂಟೈನರ್ ಎಂದರೂ ಹೀಗೆಯೇ: ತಂತ್ರಾಂಶವು ತನಗೆ ಬೇಕಾದುದನ್ನೆಲ್ಲ ತನ್ನೊಡನೆ ಹೊತ್ತು ಹೊರಡುವುದು. ಆದರೆ ಬುತ್ತಿ ತಂದವನೂ ನೀರನ್ನು ಆ ಊರಿನ ಬಾವಿಯಿಂದಲೇ ಸೇದಿಕೊಳ್ಳುವಂತೆ, ಕಂಟೈನರ್ ಕೂಡ ತಾನು ನಿಂತ ಯಂತ್ರದ ‘ಕರ್ನೆಲ್’ ಅನ್ನು, ಎಂದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು, ಬಳಸಿಕೊಳ್ಳುತ್ತದೆ. ಇಡೀ ವ್ಯವಸ್ಥೆಯನ್ನೇ ಹೊತ್ತು ತರುವ ‘ವರ್ಚುವಲ್ ಮೆಷಿನ್’ಗಿಂತ ಇದು ಹಗುರವಾಗಿರುವುದಕ್ಕೆ ಇದೇ ಕಾರಣ.

ಈ ಹೆಸರು ಹಡಗುಗಳ ಸಾಗಣೆಯನ್ನು ನೆನಪಿಗೆ ತರುತ್ತದೆ. 1956ರ ಏಪ್ರಿಲ್ 26ರಂದು ಮಾಲ್ಕಮ್ ಮೆಕ್ಲೀನ್ ಎಂಬ ಅಮೆರಿಕದ ಸಾರಿಗೆ ಉದ್ಯಮಿಯ ‘ಐಡಿಯಲ್ ಎಕ್ಸ್’ ಹಡಗು 58 ಪೆಟ್ಟಿಗೆಗಳನ್ನು ಹೊತ್ತು ನೆವಾರ್ಕಿನಿಂದ ಹ್ಯೂಸ್ಟನ್ನಿಗೆ ಹೊರಟಿತು. ಒಳಗೆ ಏನೇ ಇರಲಿ, ಪೆಟ್ಟಿಗೆಯನ್ನು ಎತ್ತಿ ಇಳಿಸುವ ಕ್ರಮ ಒಂದೇ ಆಯಿತು. ತಂತ್ರಾಂಶ ಲೋಕದಲ್ಲಿ ಇದರ ಬೇರು 1979ರಷ್ಟು ಹಿಂದಿನದು. ಒಂದು ಪ್ರೋಗ್ರಾಮಿಗೆ ಕಡತಗಳ ಒಂದು ಭಾಗ ಮಾತ್ರ ಕಾಣುವಂತೆ ಮಾಡುವ ‘ಚ್‌ರೂಟ್’ ಎಂಬ ಸೌಕರ್ಯ ಆ ವರ್ಷದ ಯುನಿಕ್ಸ್ ಏಳನೆಯ ಆವೃತ್ತಿಯಲ್ಲಿತ್ತು. ಒಂದೊಂದು ಕೆಲಸ ಎಷ್ಟು ಸ್ಮೃತಿಯನ್ನು ಬಳಸಬಹುದೆಂದು ಮಿತಿ ಹಾಕುವ ‘ಸಿಗ್ರೂಪ್ಸ್’ 2008ರಲ್ಲಿ ಲಿನಕ್ಸ್ ಕರ್ನೆಲ್ಲಿಗೆ ಸೇರಿತು. 2013ರ ಮಾರ್ಚಿಯಲ್ಲಿ ಸಾಲೊಮನ್ ಹೈಕ್ಸ್ ‘ಡಾಕರ್’ ಅನ್ನು ಲೋಕಕ್ಕೆ ತೋರಿಸಿದ ಮೇಲೆ ಈ ವಿದ್ಯೆ ಸಾಮಾನ್ಯರ ಕೈಗೂ ಎಟುಕಿತು.

ಇನ್ನು ಪ್ರಯೋಗಕ್ಕೆ ಬರೋಣ. ಇಲ್ಲಿ ಎರಡು ಮಾತುಗಳ ಭೇದವನ್ನು ಅರಿಯಬೇಕು. ಕಟ್ಟಿಟ್ಟ ಬುತ್ತಿಗೆ ‘ಇಮೇಜ್’ ಎಂದು ಹೆಸರು. ಅದನ್ನು ಬಿಚ್ಚಿ ಕೆಲಸಕ್ಕೆ ಹಚ್ಚಿದಾಗ ಅದು ‘ಕಂಟೈನರ್’. ಒಂದೇ ಇಮೇಜಿನಿಂದ ಎಷ್ಟು ಕಂಟೈನರುಗಳನ್ನಾದರೂ ನಡೆಸಬಹುದು. ಡಾಕರನ್ನು ಸ್ಥಾಪಿಸಿ ‘ಡಾಕರ್ ರನ್ ಹೆಲೋ-ವರ್ಲ್ಡ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬೆರಳಚ್ಚಿಸಿದರೆ, ಪುಟ್ಟ ಇಮೇಜೊಂದು ಇಳಿದು ಬಂದು ಶುಭಾಶಯ ಹೇಳುತ್ತದೆ. ಅಲ್ಲಿಗೆ ಸ್ಥಾಪನೆ ಸರಿಯಾಗಿದೆಯೆಂದು ತಿಳಿಯಬಹುದು.

ನಮ್ಮದೇ ಇಮೇಜನ್ನು ಕಟ್ಟಲು ‘ಡಾಕರ್‌ಫೈಲ್’ ಎಂಬ ಕಡತವನ್ನು ಬರೆಯಬೇಕು. ಕನ್ನಡ ಅಚ್ಚನ್ನು ಓದಬಲ್ಲ ‘ಟೆಸರಾಕ್ಟ್’ ಎಂಬ ಉಚಿತ ತಂತ್ರಾಂಶಕ್ಕಾಗಿ ನಾನು ಬರೆದುದು ಮೂರೇ ಸೂಚನೆಗಳು. ಮೊದಲನೆಯದು ‘ಫ್ರಮ್’: ಬುನಾದಿಯಾಗಿ ಡೆಬಿಯನ್ 12ನ್ನು ತೆಗೆದುಕೊ. ಎರಡನೆಯದು ‘ರನ್’: ಟೆಸರಾಕ್ಟನ್ನೂ ಅದರ ಕನ್ನಡ ಭಾಗವನ್ನೂ ಸ್ಥಾಪಿಸು. ಮೂರನೆಯದು ‘ಎಂಟ್ರಿಪಾಯಿಂಟ್’: ಎದ್ದೊಡನೆ ಟೆಸರಾಕ್ಟನ್ನು ನಡೆಸು. ‘ಡಾಕರ್ ಬಿಲ್ಡ್’ ಎಂಬ ಆಜ್ಞೆ ಇವನ್ನು ಓದಿ ಪದರ ಪದರವಾಗಿ ಇಮೇಜನ್ನು ಕಟ್ಟುತ್ತದೆ. ಒಂದು ಸೂಚನೆಯನ್ನು ಬದಲಿಸಿದರೆ ಅದೂ ಅದರ ಮುಂದಿನವೂ ಮಾತ್ರ ಮರಳಿ ಕಟ್ಟಲ್ಪಡುತ್ತವೆ. ಆದುದರಿಂದ ಅಪರೂಪಕ್ಕೆ ಬದಲಾಗುವುದನ್ನು ಮೇಲೆ, ಪದೇ ಪದೇ ಬದಲಾಗುವುದನ್ನು ಕೆಳಗೆ ಬರೆಯುವುದು ಜಾಣತನ.

ನಡೆಸುವಾಗ ಒಂದು ಎಚ್ಚರಿಕೆ ಅಗತ್ಯ. ಕಂಟೈನರಿನ ಒಳಗೆ ಬರೆದುದು ಕಂಟೈನರನ್ನು ಅಳಿಸಿದಾಗ ಅದರೊಡನೆಯೇ ಹೋಗುತ್ತದೆ. ಹೀಗಾಗಿ ‘ಡಾಕರ್ ರನ್’ ಆಜ್ಞೆಗೆ ‘-ವಿ’ ಎಂಬ ಗುರುತನ್ನು ಸೇರಿಸಿ, ನಮ್ಮ ಪುಟಚಿತ್ರಗಳಿರುವ ಕೋಶವನ್ನು ಒಳಗಡೆಗೆ ತೋರಿಸಬೇಕು. ಆಗ ಓದಿದ ಪಠ್ಯ ನಮ್ಮ ಕೋಶದಲ್ಲೇ ಉಳಿಯುತ್ತದೆ. ಯಂತ್ರ ಓದಿದುದನ್ನು ಮನುಷ್ಯ ತಿದ್ದಲೇಬೇಕೆಂಬುದು ಬೇರೆ ಮಾತು. ಅಚ್ಚು ಮಾಸಿದಲ್ಲಿ ಅದು ಒತ್ತಕ್ಷರಗಳಿಗೆ ಎಡವುತ್ತದೆ. ಕಟ್ಟಿದ ಇಮೇಜನ್ನು ‘ಡಾಕರ್ ಸೇವ್’ ಎಂಬ ಆಜ್ಞೆಯಿಂದ ಒಂದು ಕಡತವಾಗಿಸಿ ಪೆನ್ ಡ್ರೈವಿನಲ್ಲಿ ಒಯ್ದು, ಡಾಕರ್ ಇರುವ ಇನ್ನೊಂದು ಯಂತ್ರದಲ್ಲಿ ‘ಡಾಕರ್ ಲೋಡ್’ ಎಂಬುದರಿಂದ ಬಿಚ್ಚಬಹುದು. ಇದಕ್ಕೆ ಅಂತರಜಾಲ ಬೇಡ. ಎರಡು ಯಂತ್ರಗಳ ಪ್ರೊಸೆಸರ್ ಒಂದೇ ಬಗೆಯದಾಗಿದ್ದರೆ ಸಾಕು.

ಇದರಿಂದ ನಮಗೇನು? ನಮ್ಮ ಕಾಲೇಜಿನ ಹಳೆಯ ವಾರ್ಷಿಕ ಸಂಚಿಕೆಗಳ ಕಾಗದ ಈಗಾಗಲೇ ಮುಟ್ಟಿದರೆ ಪುಡಿಯಾಗುವಂತಿದೆ. ಅವನ್ನು ಪಠ್ಯವಾಗಿ ಉಳಿಸುವುದು ಒಂದು ವರ್ಷದ ಕೆಲಸವಲ್ಲ. ಪ್ರತಿವರ್ಷ ಅಂತಿಮ ತರಗತಿಯವರು ಹೊರಟಾಗ ಅವರು ಕಲಿತ ಕೆಲಸವೂ ಅವರೊಡನೆ ಗೇಟು ದಾಟುತ್ತದೆ. ಹೊಸಬರು ಮತ್ತೆ ಓನಾಮದಿಂದ ತೊಡಗಬೇಕು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಓದಿನ ವಿಷಯವನ್ನು ಕೇಳಿ ತಿಳಿಯೋಣವೆಂದರೆ ಮನೆಯಲ್ಲಿ ಯಾರೂ ಇಲ್ಲ. ನನ್ನಂಥವರಿಗೆ ಬರೆದಿಟ್ಟ ಮಾತೇ ಹಿರಿಯಣ್ಣ. ಡಾಕರ್‌ಫೈಲ್ ಅಂಥ ಬರೆದಿಟ್ಟ ಮಾತು. ಬಲ್ಲವನ ತಲೆಯಲ್ಲಿ ಅಡಗಿದುದನ್ನು ಅದು ಯಾರೂ ಓದಬಹುದಾದ, ಯಂತ್ರವೂ ಪಾಲಿಸಬಹುದಾದ ನಾಲ್ಕು ಸಾಲಿಗೆ ಇಳಿಸುತ್ತದೆ.

ಮೇಲಿನ ಮೂರು ಸೂಚನೆಗಳ ಕಡತವನ್ನೂ ಇಮೇಜನ್ನೂ ನಾನು ಕಾಲೇಜಿನ ಗ್ರಂಥಾಲಯಕ್ಕೆ ಒಪ್ಪಿಸಿದ್ದೇನೆ. ಕಿರಿಯ ಮಿತ್ರರು ಅದನ್ನು ನಡೆಸಿ ನೋಡಲಿ, ಕೊರತೆ ಕಂಡಲ್ಲಿ ತಿದ್ದಲಿ, ತಿದ್ದಿದುದನ್ನು ಮುಂದಿನವರಿಗಾಗಿ ಬರೆದಿಡಲಿ ಎಂದು ಕೋರುತ್ತೇನೆ.