ಸಾಲ ಕೊಟ್ಟವರು ಯಾರು?

ಕಳೆದ ರಜೆಯಲ್ಲಿ ನಾವು ಸಾಲಿಗ್ರಾಮದ ಒಂದು ಪ್ರೌಢಶಾಲೆಗೆ ವಿಜ್ಞಾನದ ಬಗ್ಗೆ ಮಾತಾಡೋಕೆ ಹೋಗಿದ್ವಿ. ಕನ್ನಡಕ್ಕೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಕೊಟ್ಟ ಶಿವರಾಮ ಕಾರಂತರು ಕೊನೆಯ ವರ್ಷಗಳನ್ನು ಕಳೆದ ಊರದು. ನಾವೂ ಹುಮ್ಮಸ್ಸಿನಲ್ಲಿ ಹೇಳಿದ್ವಿ: “ಶೂನ್ಯದಲ್ಲಿ ವರ್ಚುವಲ್ ಕಣಗಳು ಶಕ್ತಿಯನ್ನು ಸಾಲ ತಂದು ಹುಟ್ಟುತ್ತವೆ, ಕ್ಷಣದಲ್ಲೇ ಸಾಲ ತೀರಿಸಿ ಮಾಯವಾಗುತ್ತವೆ.” ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು: “ಸಾಲ ಕೊಟ್ಟದ್ ಯಾರ್?”

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಹಾಸ್ಟೆಲಿಗೆ ಬಂದು ಪುಸ್ತಕ ತೆಗೆದಾಗ ಗೊತ್ತಾಯ್ತು, ಸಾಲವೇ ಇಲ್ಲ!

ತಪ್ಪು 1: ಶಕ್ತಿ ಸಂರಕ್ಷಣೆ ಸ್ವಲ್ಪ ಹೊತ್ತು ಮುರಿಯುತ್ತದೆ. ಇಲ್ಲ. ಫೈನ್‌ಮನ್ ಚಿತ್ರದಲ್ಲಿ ರೇಖೆಗಳು ಸೇರುವ ಪ್ರತಿ ಬಿಂದುವಿನಲ್ಲೂ ಶಕ್ತಿ, ಸಂವೇಗ ಎರಡರ ಲೆಕ್ಕವೂ ಸರಿಯಾಗಿರುತ್ತದೆ. ಒಳಗಿನ ರೇಖೆ ಪಾಲಿಸದೆ ಇರುವುದು ಶಕ್ತಿ, ಸಂವೇಗ, ದ್ರವ್ಯರಾಶಿಗಳ ನಡುವಿನ ಐನ್‌ಸ್ಟೈನ್ ಸಂಬಂಧವನ್ನು. ಹೈಸೆನ್‌ಬರ್ಗ್ ನಿಯಮ ಯಾರಿಗೂ ಸಾಲದ ಪರವಾನಗಿ ಕೊಟ್ಟಿಲ್ಲ.

ತಪ್ಪು 2: ಅವು ನಿಜವಾಗಿ ಹುಟ್ಟಿ ಸಾಯುತ್ತವೆ. ಜೋಕಾಲಿಯನ್ನು ನೆನಪಿಸಿಕೊಳ್ಳಿ. ಸಣ್ಣ ತೂಗಾಟಕ್ಕೆ ಆವರ್ತಕಾಲ 2π√(L/g). ದೊಡ್ಡದಾಗಿ ತೂಗಿದರೆ ಅದನ್ನು (1 + θ²/16 + …) ಇಂದ ಗುಣಿಸಬೇಕು. 60 ಡಿಗ್ರಿಗೆ ಆ ಎರಡನೇ ಪದ ಸುಮಾರು 7% ಸೇರಿಸುತ್ತದೆ. ಆದರೆ ಅದು ಜೋಕಾಲಿಯ ಯಾವ ಹಗ್ಗದಲ್ಲಿದೆ ಅಂತ ಯಾರಾದ್ರೂ ಹುಡುಕ್ತಾರಾ? ವರ್ಚುವಲ್ ಕಣವೂ ಹಾಗೇ, ಸರಣಿಯ ಒಂದು ಪದದೊಳಗಿನ ರೇಖೆ. ನಿಜವಾದ ಶೂನ್ಯಸ್ಥಿತಿ ಕಾಲದೊಂದಿಗೆ ಬದಲಾಗುವುದೇ ಇಲ್ಲ. ಅಲ್ಲಿ ಏನೂ ಕುದಿಯುತ್ತಿಲ್ಲ.

ತಪ್ಪು 3: ಕ್ಯಾಸಿಮಿರ್ ಬಲವೇ ಅದಕ್ಕೆ ಸಾಕ್ಷಿ. 1948ರಲ್ಲಿ ಕ್ಯಾಸಿಮಿರ್ ಹೇಳಿದ, ಎರಡು ಲೋಹದ ತಟ್ಟೆಗಳ ನಡುವಿನ ಸೆಳೆತ ನಿಜ, ಅಳೆದೂ ಆಗಿದೆ. ಆದರೆ ಅದೇ ಬಲವನ್ನು ತಟ್ಟೆಗಳಲ್ಲಿರುವ ವಿದ್ಯುದಂಶಗಳ ನಡುವಿನ ವಾನ್ ಡರ್ ವಾಲ್ಸ್ ಸೆಳೆತವಾಗಿಯೂ ಲೆಕ್ಕ ಹಾಕಬಹುದು. ಪ್ರಯೋಗದಲ್ಲಿ ಸಿಗುವುದು ಒಟ್ಟು ಮೊತ್ತ, ಬಿಡಿ ಪದ ಅಲ್ಲ.

ಹಾಗಂತ ಈ ಚಿತ್ರಗಳು ದಂಡ ಅಂತಲ್ಲ. ಅದೇ 1948ರಲ್ಲಿ ಶ್ವಿಂಗರ್ ಎಲೆಕ್ಟ್ರಾನಿನ ಕಾಂತತ್ವಕ್ಕೆ ಕಂಡುಹಿಡಿದ ತಿದ್ದುಪಡಿ α/2π, ಅಂದರೆ ಸುಮಾರು 0.00116. ಇವತ್ತು ಅದೇ ಲೆಕ್ಕ ಒಂದು ಕುಣಿಕೆಯ ಒಂದೇ ಚಿತ್ರದಿಂದ ಬರುತ್ತದೆ, ಪ್ರಯೋಗಕ್ಕೂ ಹತ್ತಿರವಿದೆ. ಲೆಕ್ಕದ ಸಲಕರಣೆಯನ್ನು ವಸ್ತು ಅಂದುಕೊಂಡದ್ದಷ್ಟೇ ನಮ್ಮ ತಪ್ಪು.

ಕನ್ನಡದಲ್ಲಿ ವಿಜ್ಞಾನ ಹೇಳುವಾಗ ಒಳ್ಳೆ ಉಪಮೆ ಸಿಕ್ಕರೆ ನಮಗೆ ಖುಷಿ. ಆದರೆ ಉಪಮೆ ನೆನಪಲ್ಲಿ ಉಳಿದು, ವಿಷಯ ಜಾರಿಹೋಗಬಾರದು. ಮುಂದಿನ ರಜೆಗೆ ಅದೇ ಶಾಲೆಗೆ ಹೋಗ್ತಿದ್ದೀವಿ. ಮೊದಲ ಮಾತು ಅವಳಿಗೇ: “ಯಾರೂ ಕೊಟ್ಟಿಲ್ಲ ಮಾರಾಯ್ತಿ, ನೀನು ಕೇಳಿದ್ದೇ ಸರಿ.”